ಒತ್ತುವ ಮೊದಲು ಹಲ್ಲು ನೋಡು

ಮಂಡ್ಯ

ಚಿ. ಅಳಿಯನಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ಗೇಮ್ ಆಡುವಾಗ ಲ್ಯಾಪ್‌ಟಾಪ್ ತಡವರಿಸುತ್ತೆ, ಇದನ್ನು ಮಾರಿ ಕಂತಿನಲ್ಲಿ ಹೊಸದು ತಗೊಳ್ಳಲಾ ಅಂತ ಮೊನ್ನೆ ಫೋನಿನಲ್ಲಿ ನೀನು ಕೇಳಿದೆ. ಬಸ್ಸಿನ ಗದ್ದಲದಲ್ಲಿ ಸರಿಯಾಗಿ ಮಾತಾಡಲು ಆಗಲಿಲ್ಲ. ಬೇಡಪ್ಪ. ನಿಮ್ಮಮ್ಮ ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕಿ ಕೂಡಿಟ್ಟ ದುಡ್ಡಲ್ಲಿ ಕೊಡಿಸಿದ ಯಂತ್ರ ಅದು, ಇನ್ನೂ ಎರಡೇ ವರ್ಷ ಆಗಿದೆ. ಇನ್ನೊಂದು ರ‍್ಯಾಮ್ ಹಾಕಿದರೆ ಸರಿಹೋಗಬಹುದು. ರ‍್ಯಾಮ್ ಅಂದರೆ ಓಡುತ್ತಿರುವ ಪ್ರೋಗ್ರಾಂಗಳು ತಮ್ಮ ಸಾಮಾನು ಹರಡಿಕೊಳ್ಳುವ ತಾತ್ಕಾಲಿಕ ಮೆಮೊರಿ ಪಟ್ಟಿ. ಹಾಗಂತ ಅದನ್ನೂ ಇವತ್ತೇ ಹೋಗಿ ತರಬೇಡ.

ಮೊದಲು ಕಾಯಿಲೆ ಯಾವುದು ಅಂತ ತಿಳಿದುಕೋ. ಗೇಮ್ ಓಡುತ್ತಿರುವಾಗಲೇ ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿ ಪುಟ ನೋಡು. 8 ಜಿಬಿಯಲ್ಲಿ ಏಳೂವರೆ ತುಂಬಿಕೊಂಡು, ಆಟದಲ್ಲಿ ಹೊಸ ಜಾಗಕ್ಕೆ ಕಾಲಿಟ್ಟಾಗಲೆಲ್ಲ ಚಿತ್ರ ಅರೆಕ್ಷಣ ನಿಂತು ಮುಂದೆ ಹೋಗುತ್ತಿದ್ದರೆ ಕೊರತೆ ರ‍್ಯಾಮಿನದೇ. ಜಾಗ ಸಾಲದೆ ವಿಂಡೋಸ್ ತನ್ನ ಸಾಮಾನನ್ನು ಫೈಲುಗಳನ್ನು ಉಳಿಸಿಡುವ, ರ‍್ಯಾಮಿಗಿಂತ ನಿಧಾನವಾದ ಎಸ್‌ಎಸ್‌ಡಿಗೆ ಸಾಗಿಸಿ ಮತ್ತೆ ಹೊತ್ತು ತರುತ್ತಿರುತ್ತೆ. ಶುರುವಿನಿಂದಲೂ ಒಂದೇ ಸಮ ನಿಧಾನವಿದ್ದರೆ ಬಹುಶಃ ಗ್ರಾಫಿಕ್ಸ್ ಕಾರ್ಡಿನ ಶಕ್ತಿಯೇ ಅಷ್ಟು. ಅದರ ಮೆಮೊರಿ ಬೇರೆ, ಬೋರ್ಡಿಗೆ ಬೆಸೆದದ್ದು. ನೀನು ಎಷ್ಟು ರ‍್ಯಾಮ್ ಹಾಕಿದರೂ ಅದು ಬೆಳೆಯುವುದಿಲ್ಲ. ಅರ್ಧ ಗಂಟೆ ಚೆನ್ನಾಗಿ ಓಡಿ ಆಮೇಲೆ ಕುಂಟಿದರೆ ಬಿಸಿ ಏರಿದೆ ಅಂತ ಅರ್ಥ, ಫ್ಯಾನಿನ ಧೂಳು ತೆಗೆದರೆ ಸಾಕಾಗಬಹುದು.

ಅದೇ ಪುಟದಲ್ಲಿ ರ‍್ಯಾಮ್ ಕೂರಿಸುವ ಸ್ಲಾಟ್ ಎಷ್ಟು ಇವೆ, ಎಷ್ಟು ತುಂಬಿವೆ, ವೇಗ ಎಷ್ಟು ಅನ್ನುವುದೂ ಇರುತ್ತೆ. ಬರೆದುಕೋ. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನೇ ಬೋರ್ಡಿಗೆ ಬೆಸೆದಿರುತ್ತಾರೆ, ಅದಕ್ಕೇ ಮಾಡೆಲ್ ಸಂಖ್ಯೆ ಹಾಕಿ ಖಚಿತ ಮಾಡಿಕೋ. ಬಿಚ್ಚಿದರೆ ವಾರಂಟಿ ಹೋಗುತ್ತಾ ಅಂತಲೂ ಕೇಳು.

ಎರಡು ಸ್ಲಾಟಿನಲ್ಲಿ ಒಂದೇ ತುಂಬಿದ್ದರೆ ನಿನ್ನ ಅದೃಷ್ಟ. ನಮ್ಮ ವಿಶ್ವೇಶ್ವರಯ್ಯ ನಾಲೆಯ ನೀರನ್ನು ಒಂದೇ ತೂಬಿನಲ್ಲಿ ಬಿಟ್ಟರೆ ಗದ್ದೆ ತುಂಬಲು ಎಷ್ಟು ಹೊತ್ತು, ಎರಡು ತೂಬು ಎತ್ತಿದರೆ ಎಷ್ಟು ಹೊತ್ತು ಅಂತ ನಿನಗೆ ಹೇಳಬೇಕಾಗಿಲ್ಲ. ಡಿಡಿಆರ್4 3200 (ಮೊದಲನೆಯದು ತಲೆಮಾರು, ಎರಡನೆಯದು ವೇಗ) ರ‍್ಯಾಮ್ ಒಂದೇ ಇದ್ದರೆ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಸಾಗುತ್ತೆ. ಅಂಥದ್ದೇ ಇನ್ನೊಂದು ಸೇರಿದರೆ ದಾರಿ ಎರಡಾಗಿ 51.2. ಆದ್ದರಿಂದ ಅದೇ ಅಳತೆ, ಅದೇ ವೇಗದ್ದೇ ತಗೋ. ವೇಗ ಬೇರೆ ಬೇರೆ ಇದ್ದರೆ ಎರಡೂ ನಿಧಾನದ್ದರ ಲೆಕ್ಕಕ್ಕೆ ಇಳಿಯುತ್ತವೆ. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ಮೆಮೊರಿ ಬೆಲೆ ವಿಪರೀತ ಏರಿದೆ, ಹಾಗಾಗಿ 32 ಜಿಬಿಯ ಆಸೆ ಈಗ ಬಿಡು. 8ಕ್ಕೆ 8 ಸೇರಿ 16 ಆದರೆ ನೀನು ಆಡುವ ಆಟಗಳಿಗೆ ಸಾಕು.

ಲ್ಯಾಪ್‌ಟಾಪಿನ ಡಿಡಿಆರ್4ಕ್ಕೆ 260 ಪಿನ್, ಅಂದರೆ ಅಂಚಿನ ಚಿನ್ನದ ಬಣ್ಣದ ಹಲ್ಲು. ಮುಂದಿನ ತಲೆಮಾರಿನ ಡಿಡಿಆರ್5ಕ್ಕೆ 262. ನೋಡಲು ಅಣ್ಣತಮ್ಮಂದಿರ ಹಾಗಿದ್ದರೂ ನಡುವಿನ ಕಚ್ಚಿನ ಜಾಗ ಬೇರೆ. ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರದಿರಲಿ ಅಂತಲೇ ಆ ಕಚ್ಚು ಇಟ್ಟಿದ್ದಾರೆ. ಇದನ್ನು ನಾನು ಕಷ್ಟಪಟ್ಟು ಕಲಿತೆ. ಟಿವಿ ರಿಪೇರಿ ಬಿಟ್ಟು ಕಂಪ್ಯೂಟರಿಗೆ ಕೈ ಹಾಕಿದ ಹೊಸದರಲ್ಲಿ, ಗಿರಾಕಿ ಎದುರಿಗೆ ಕಾದು ನಿಂತಿದ್ದಾನೆ ಅಂತ ಆತುರಕ್ಕೆ ಬಿದ್ದು ರ‍್ಯಾಮನ್ನು ತಿರುವುಮುರುವಾಗಿ ಹಿಡಿದು ಒತ್ತಿದೆ. ಕೂರಲಿಲ್ಲ. ಇನ್ನೂ ಜೋರಾಗಿ ಒತ್ತಿದೆ. ಸ್ಲಾಟ್ ಸೀಳಿದ ಸದ್ದು ಈಗಲೂ ಕಿವಿಯಲ್ಲಿದೆ. ಎರಡು ತಿಂಗಳ ಸಂಪಾದನೆ ಆ ಮದರ್‌ಬೋರ್ಡಿಗೆ ಹೋಯಿತು. ಕೂರದಿದ್ದರೆ ಹೊರಗೆ ತೆಗೆದು ಬೆಳಕಿಗೆ ಹಿಡಿದು ನೋಡು, ಬಲ ಹಾಕಬೇಡ.

ಇನ್ನು ಕರೆಂಟಿನ ವಿಷಯ. ರ‍್ಯಾಮಿನೊಳಗೆ ಒಂದೊಂದು ಬಿಟ್ಟಿಗೂ (0 ಅಥವಾ 1) ಚಾರ್ಜ್ ಹಿಡಿದಿಡುವ ಒಂದೊಂದು ಪುಟ್ಟ ಕೆಪಾಸಿಟರ್. ತೂತುಬಿದ್ದ ಬಿಂದಿಗೆಯ ಹಾಗೆ ಸೋರುತ್ತಲೇ ಇರುತ್ತೆ, ಡಿಡಿಆರ್4ರಲ್ಲಿ ಸಾಮಾನ್ಯವಾಗಿ 64 ಮಿಲಿಸೆಕೆಂಡಿನೊಳಗೆ ಮತ್ತೆ ತುಂಬಬೇಕು. ಅಷ್ಟು ನಾಜೂಕು. ಚಳಿಗಾಲದ ಒಣ ಹವೆಯಲ್ಲಿ ಬಾಗಿಲ ಚಿಲಕ ಮುಟ್ಟಿದರೆ ಬೆರಳಿಗೆ ಚುರ್ ಅನ್ನುತ್ತಲ್ಲ, ಅದು ಸುಮಾರು 3,000 ವೋಲ್ಟ್. ನಮಗೆ ಗೊತ್ತೇ ಆಗದಷ್ಟು ಸಣ್ಣ ಕಿಡಿಯೂ ಚಿಪ್ಪನ್ನು ಕೊಲ್ಲಬಹುದು. ಹತ್ತಿ ಬಟ್ಟೆ ಹಾಕಿಕೊಂಡು, ಕಿಟಕಿಯ ಬಣ್ಣವಿಲ್ಲದ ಕಬ್ಬಿಣ ಮುಟ್ಟಿ ಕೂರು. ರ‍್ಯಾಮನ್ನು ಪಕ್ಕದ ಅಂಚುಗಳಲ್ಲೇ ಹಿಡಿ, ಚಿನ್ನದ ಹಲ್ಲು ಮುಟ್ಟಬೇಡ. ಚಾರ್ಜರ್ ತೆಗೆದರಷ್ಟೇ ಸಾಲದು, ಒಳಗಿನ ಬ್ಯಾಟರಿ ಕನೆಕ್ಟರನ್ನೂ ಬಿಡಿಸಿ ಪವರ್ ಬಟನ್ನನ್ನು ಹತ್ತು ಸೆಕೆಂಡು ಒತ್ತಿಟ್ಟುಕೋ. ಸ್ಕ್ರೂಗಳ ಉದ್ದ ಒಂದೇ ಇರುವುದಿಲ್ಲ. ಹಾಳೆಯ ಮೇಲೆ ಲ್ಯಾಪ್‌ಟಾಪಿನ ಚಿತ್ರ ಬರೆದು, ಎಲ್ಲಿಂದ ತೆಗೆದೆಯೋ ಅಲ್ಲೇ ಚುಚ್ಚಿಡು.

ಕಚ್ಚಿಗೆ ಕಚ್ಚು ಸೇರಿಸಿ, ಸುಮಾರು 30 ಡಿಗ್ರಿ ಓರೆಯಾಗಿ ತೂರಿಸು. ಚಿನ್ನದ ಅಂಚು ಹೆಚ್ಚುಕಡಿಮೆ ಪೂರ್ತಿ ಒಳಗೆ ಹೋದ ಮೇಲೆ ಮೆಲ್ಲಗೆ ಕೆಳಕ್ಕೆ ಅದುಮು. ಎರಡೂ ಕಡೆಯ ಕ್ಲಿಪ್ಪು ಟಕ್ ಅನ್ನಬೇಕು. ಡಿಡಿಆರ್5 ಆದರೆ ಮೊದಲ ಸಲ ಆನ್ ಮಾಡಿದಾಗ ಪರದೆ ಕೆಲವು ನಿಮಿಷ ಕಪ್ಪಗೇ ಇರಬಹುದು. ಗಾಬರಿಯಾಗಿ ಆಫ್ ಮಾಡಬೇಡ, ಹೊಸ ಮೆಮೊರಿಗೆ ಹೊಂದಿಕೊಳ್ಳಲು ಅದಕ್ಕೆ ಅಷ್ಟು ಹೊತ್ತು ಬೇಕು. ಆ ರಾತ್ರಿ ಮೆಮೊರಿಯ ದೋಷ ಹುಡುಕುವ ಪ್ರೋಗ್ರಾಂ ಮೆಮ್‌ಟೆಸ್ಟ್ ಓಡಿಸಿ ಮಲಗು. ಒಂದೇ ಒಂದು ದೋಷ ತೋರಿಸಿದರೂ ಅಂಗಡಿಗೆ ವಾಪಸ್ ಕೊಡು. ಅದಕ್ಕೇ ಬಿಲ್ ಇಲ್ಲದೆ ಕೊಳ್ಳಬೇಡ.

ಇಷ್ಟು ಓದಿ ಧೈರ್ಯ ಸಾಲದಿದ್ದರೆ, ರ‍್ಯಾಮನ್ನು ಪೊಟ್ಟಣ ಒಡೆಯದೆ ಹಾಗೇ ತಗೊಂಡು ಭಾನುವಾರ ಮೈಸೂರಿಂದ ಬೆಳಗಿನ ರೈಲಿಗೆ ಬಾ. ಸ್ಕ್ರೂಡ್ರೈವರ್ ನನ್ನ ಹತ್ತಿರ ಇದೆ. ನೀನೇ ಬಿಚ್ಚು, ನೀನೇ ಕೂರಿಸು. ನಾನು ಪಕ್ಕದಲ್ಲಿ ಟಾರ್ಚ್ ಹಿಡಿದುಕೊಂಡಿರುತ್ತೇನೆ.

ಇಂತಿ,
ನಿನ್ನ ಮಾವ