ಯುವ ಬರಹಗಾರರಿಗೆ ಪತ್ರ: ಪರರ ಮನೆಯ ಬಾಗಿಲಲ್ಲಿ ನಿಂತು

ಪ್ರಿಯರೇ,

ನಮಸ್ಕಾರ. ನಿಮ್ಮ ಪತ್ರವೂ ಅದರೊಡನೆ ಇದ್ದ ಪ್ರಬಂಧದ ಕರಡೂ ತಲುಪಿ ಎರಡು ವಾರಗಳಾದವು. ಉತ್ತರ ತಡವಾದದ್ದಕ್ಕೆ ಬೇಸರಿಸಬೇಡಿ. ಮಿರಾಂಡಾ ಲ್ಯಾಂಬರ್ಟ್ ಹಾಡಿರುವ ‘ದಿ ಹೌಸ್ ದಟ್ ಬಿಲ್ಟ್ ಮಿ’ ಎಂಬ ಅಮೆರಿಕದ ಕಂಟ್ರಿ (ಅಲ್ಲಿನ ಹಳ್ಳಿಗಾಡಿನ ಸಂಗೀತ ಶೈಲಿಯ) ಹಾಡನ್ನು ಕೇಳಿ, ಯಾವ ಚಿಂತೆಯೂ ಇಲ್ಲದೆ ಓಡಾಡಿಕೊಂಡಿದ್ದ ನಿಮ್ಮ ಹಳೆಯ ‘ನಾನು’ ನೆನಪಾಗಿ, ಒಂದೇ ರಾತ್ರಿಯಲ್ಲಿ ಇದನ್ನು ಬರೆದೆ ಎಂದಿದ್ದೀರಿ. ಆ ಹಾಡನ್ನು ನಾನೂ ಮತ್ತೆ ನಾಲ್ಕಾರು ಸಲ ಕೇಳಿದೆ. ನಿಮ್ಮ ಬರಹಕ್ಕೆ ಯಾವುದು ದಕ್ಕಿಲ್ಲವೋ ಅದು ಆ ಹಾಡಿನ ಮೊದಲ ಕೆಲವು ಸಾಲುಗಳಲ್ಲೇ ಇದೆ.

ಆ ಹಾಡು ಯಾರೊಡನೆ ಮಾತನಾಡುತ್ತಿದೆ ಎಂಬುದನ್ನು ಗಮನಿಸಿದಿರಾ? ಅದು ಕೇಳುಗರಾದ ನಮ್ಮೊಡನೆಯೂ ಅಲ್ಲ, ತನ್ನೊಡನೆ ತಾನೂ ಅಲ್ಲ. ತಾನು ಬೆಳೆದ ಮನೆಯಲ್ಲಿ ಈಗ ವಾಸವಾಗಿರುವ, ತನ್ನ ಪರಿಚಯವೇ ಇಲ್ಲದ ಒಬ್ಬ ಹೆಂಗಸಿನ ಮುಂದೆ ನಿಂತು ಹಾಡಿನ ನಾಯಕಿ ಒಳಗೆ ಬರಲು ಅಪ್ಪಣೆ ಕೇಳುತ್ತಿದ್ದಾಳೆ. ಮುಂಬಾಗಿಲ ಮೆಟ್ಟಿಲ ಮೇಲಿರುವ ಕೈಗುರುತು ತನ್ನದು, ಮಹಡಿಯ ಹಿಂದಿನ ಚಿಕ್ಕ ಕೋಣೆಯಲ್ಲಿ ತಾನು ಮನೆಪಾಠ ಮಾಡಿದ್ದು, ಗಿಟಾರ್ ಕಲಿತದ್ದು, ಅಂಗಳದ ಓಕ್ ಮರದ ಬುಡದಲ್ಲಿ ತನ್ನ ಮುದ್ದಿನ ನಾಯಿಯನ್ನು ಹೂತಿರುವುದು, ಇವನ್ನೆಲ್ಲ ಅವಳು ಹೇಳುವುದು ಕಣ್ಣೀರು ತರಿಸಲಿಕ್ಕಲ್ಲ. ಬಾಗಿಲಲ್ಲಿ ನಿಂತವಳು ಕಳ್ಳಿಯಲ್ಲ, ಈ ಮನೆಯ ಮಗಳೇ ಎಂದು ನಂಬಿಸಲಿಕ್ಕೆ. ಆ ಕೈಗುರುತು ಅವಳ ಗುರುತಿನ ಚೀಟಿ. ಪರರ ಹೊಸ್ತಿಲಲ್ಲಿ ನಿಂತವರು ಹೆಚ್ಚು ಮಾತನಾಡಲಾರರು, ಗೋಳಾಡಲಂತೂ ಆರರು. ಆ ಸಂಕೋಚವೇ ಹಾಡನ್ನು ಬಿಗಿಯಾಗಿ ಹಿಡಿದಿಟ್ಟಿದೆ. ನೆನಪನ್ನು ಬಿಟ್ಟು ಬೇರೇನನ್ನೂ ಒಯ್ಯುವುದಿಲ್ಲ ಎಂದು ಅವಳು ಮಾತು ಕೊಡುವಾಗ ನಮಗೆ ಗಂಟಲು ಕಟ್ಟುವುದು ಅದರಿಂದಲೇ.

ನಿಮ್ಮ ಪ್ರಬಂಧ ಯಾರ ಬಾಗಿಲನ್ನೂ ತಟ್ಟುವುದಿಲ್ಲ. ‘ಆ ಮುಗ್ಧ ದಿನಗಳು’ ಎಂಬ ಮಾತು ಮೊದಲ ಪುಟದಲ್ಲೇ ನಾಲ್ಕು ಸಲ ಬಂದಿದೆ, ಆದರೆ ಆ ದಿನಗಳಲ್ಲಿ ನಿಮ್ಮ ಕೈ ಮುಟ್ಟಿದ ಒಂದು ವಸ್ತುವೂ ಅಲ್ಲಿಲ್ಲ. ಓದುಗರು ಆ ಮನೆಯೊಳಗಿನ ಹೆಂಗಸಿನಂತೆ. ನೀವು ಒಂದು ಕಾಲದಲ್ಲಿ ಸುಖವಾಗಿದ್ದಿರೆಂಬ ಕಾರಣಕ್ಕೆ ಅವರು ಚಿಲಕ ತೆಗೆಯಬೇಕಾಗಿಲ್ಲ.

ಇದು ಸ್ವಂತ ಅನುಭವದ ಪ್ರಾಮಾಣಿಕತೆಯ ಪ್ರಶ್ನೆ ಎಂದು ದಯವಿಟ್ಟು ತಿಳಿಯಬೇಡಿ. 2010ರಲ್ಲಿ ಅಮೆರಿಕದ ಸಂಗೀತ ಪತ್ರಿಕೆ ಬಿಲ್‌ಬೋರ್ಡ್‌ನ ಕಂಟ್ರಿ ಹಾಡುಗಳ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿ ಮರುವರ್ಷ ಲ್ಯಾಂಬರ್ಟ್‌ಗೆ ಗ್ರ್ಯಾಮಿ ಸಂಗೀತ ಪ್ರಶಸ್ತಿ ತಂದುಕೊಟ್ಟ ಈ ಹಾಡನ್ನು ಬರೆದವರು ಅವಳಲ್ಲ. ಟಾಮ್ ಡಗ್ಲಸ್ ಮತ್ತು ಆಲನ್ ಶ್ಯಾಂಬ್ಲಿನ್ ಎಂಬ ಇಬ್ಬರು ಗಂಡಸರು, ಅದೂ ವರ್ಷಗಟ್ಟಲೆ ತಿದ್ದಿ. ಅದರ ಡೆಮೊ, ಎಂದರೆ ಮಾದರಿ ಧ್ವನಿಮುದ್ರಣ, ಬಂದದ್ದು ಬ್ಲೇಕ್ ಶೆಲ್ಟನ್ ಎಂಬ ಗಾಯಕನಿಗೆ. ಅವನ ಜೊತೆಗಿದ್ದ ಲ್ಯಾಂಬರ್ಟ್ ಅದನ್ನು ಕೇಳಿ ಅತ್ತುಬಿಟ್ಟದ್ದರಿಂದ ಹಾಡು ಅವಳ ಪಾಲಾಯಿತು. ಇಬ್ಬರು ಕೂಡಿ ಬರೆದ ‘ನಾನು’ ಮೂರನೆಯವಳಿಗೆ ತನ್ನದೆನಿಸಿದ್ದು ಮೆಟ್ಟಿಲು, ಕೋಣೆ, ಮರ, ನಾಯಿ ಇವುಗಳ ಬಲದಿಂದ. ನೀವೋ ಒಂದೇ ರಾತ್ರಿಯಲ್ಲಿ ಬರೆದೆ ಎಂದು ಸಂತೋಷಪಟ್ಟಿದ್ದೀರಿ. (ನನಗೂ ನಿಮ್ಮ ವಯಸ್ಸಿನಲ್ಲಿ ಆ ಸಂತೋಷವಿತ್ತು.)

ಹಾಡಿನ ಎರಡನೆಯ ಚರಣದಲ್ಲಿ ಮಗಳು ಬದಿಗೆ ಸರಿಯುತ್ತಾಳೆ. ತಾಯಿ ವರ್ಷಗಳ ಕಾಲ ಪತ್ರಿಕೆಯಿಂದ ಮನೆಗಳ ಚಿತ್ರ ಕತ್ತರಿಸಿ ಇಟ್ಟುಕೊಂಡದ್ದು, ತಂದೆ ಒಂದೊಂದೇ ಮೊಳೆ, ಒಂದೊಂದೇ ಹಲಗೆ ಬಡಿದು ಆ ಆಸೆಗೆ ಜೀವ ಕೊಟ್ಟದ್ದು ಅಲ್ಲಿ ಬರುತ್ತದೆ. ಮಗಳ ನಿಶ್ಚಿಂತೆಯ ಹಿಂದೆ ಯಾರ ದುಡಿಮೆಯಿತ್ತು ಎಂಬುದನ್ನು ಹಾಡು ವ್ಯಾಖ್ಯಾನವಿಲ್ಲದೆ ತೋರಿಸಿ ಮುಂದೆ ಹೋಗುತ್ತದೆ. ನನ್ನ ಬಾಲ್ಯದ ಬೇಸಿಗೆ ರಜೆಗಳ ಬಗ್ಗೆ ನಾನು ಬರೆದ ಮೊದಲ ಲೇಖನ ಅಚ್ಚಾದಾಗ ಅಮ್ಮನಿಗೆ ಓದಿ ಹೇಳಿದ್ದೆ. ಅವರು ಅವರೆಕಾಯಿ ಬಿಡಿಸುತ್ತ ಪೂರ್ತಿ ಕೇಳಿಸಿಕೊಂಡು, ‘ಚೆನ್ನಾಗಿದೆಯಪ್ಪ, ನೀನು ಹಾಯಾಗಿದ್ದೆ. ಆ ವರ್ಷ ನನ್ನ ಬಳೆ ಸೊಸೈಟಿಯಲ್ಲಿತ್ತು’ ಎಂದರು. ಆ ಲೇಖನವನ್ನು ನಾನು ಯಾವ ಸಂಕಲನಕ್ಕೂ ಸೇರಿಸಲಿಲ್ಲ, ಆದರೆ ಬಳೆಯ ಬಗ್ಗೆ ಬರೆಯಲು ಮತ್ತೆ ಹದಿನೈದು ವರ್ಷ ಬೇಕಾಯಿತು.

ಆದ್ದರಿಂದ ನಿಮ್ಮ ಕರಡಿನ ಮೂರನೆಯ ಪುಟಕ್ಕೆ ಹಿಂತಿರುಗಿ. ರಾತ್ರಿ ಪಾಳಿ ಮುಗಿಸಿ ಬಂದ ನಿಮ್ಮ ತಂದೆ ಮಲಗುವ ಮೊದಲು ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದರು ಎಂದು ಅರ್ಧ ಸಾಲಿನಲ್ಲಿ ಬರೆದು, ಮತ್ತೆ ಮುಗ್ಧತೆಯ ವರ್ಣನೆಗೆ ಹೊರಟುಬಿಟ್ಟಿದ್ದೀರಿ. ಇಡೀ ಪ್ರಬಂಧದಲ್ಲಿ ನಾನು ಪೆನ್ಸಿಲಿನಿಂದ ಗೆರೆ ಎಳೆದಿರುವುದು ಅಲ್ಲಿ ಮಾತ್ರ. ಅದು ಅವರ ಸೈಕಲ್ಲೇ, ನೀವು ಶಾಲೆಗೆ ಒಯ್ಯುತ್ತಿದ್ದ ಸೈಕಲ್ಲೇ? ಮುಂದಿನ ಕರಡಿನಲ್ಲಿ ತಿಳಿಸಿ.

ವಿಶ್ವಾಸದಿಂದ,
ನಿಮ್ಮ ಹಿರಿಯ ಮಿತ್ರ