14 ಇಂಚಿನ ಗೋಡೆಗೆ ನೀವು ಕೂರಿಸಿದ ಬಾಗಿಲಿನ ಬಗ್ಗೆ ದೂರು

ಗ್ರಾಹಕ ಸೇವೆಯ ವ್ಯವಸ್ಥಾಪಕರಿಗೆ,

ಫೋನಿನಲ್ಲಿ ಮರ್ಯಾದೆಯಾಗಿ ಹೇಳಿ ಹೇಳಿ ಸಾಕಾಯಿತು. ನಿನ್ನೆ ರಾತ್ರಿಯ ಮಳೆಗೆ ಹೊಸ್ತಿಲ ಒಳಗೇ ನೀರು ನಿಂತಿದೆ. ಅದಕ್ಕೇ ಈ ಪತ್ರ.

ರಾಜರಾಜೇಶ್ವರಿನಗರದ ನಮ್ಮ ಗೋಡೆ ನಿಮಗೆ ಗೊತ್ತಿದೆ. ಹೊರಗೆ 6 ಇಂಚು ಮಣ್ಣಿನ ಬ್ಲಾಕ್, ನಡುವೆ ಶಾಖ ತಡೆಯಲು 2 ಇಂಚು ಎಕ್ಸ್‌ಪಿಎಸ್ ಫೋಮ್ ಶೀಟು, ಒಳಗೆ ಮತ್ತೆ 6 ಇಂಚು ಬ್ಲಾಕ್. ಡ್ರಾಯಿಂಗ್ ಪ್ರಕಾರ ಚೌಕಟ್ಟು ಶೀಟಿನ ಸಾಲಿನಲ್ಲೇ ಕೂರಬೇಕು, ಶೀಟು ಅದರ ಬೆನ್ನಿಗೆ ತಾಗಬೇಕು. ಒಳಗಿನ ಬ್ಲಾಕಿನ ಅಂಚು ಓರೆಯಾಗಿರಬೇಕು. ಹೊಸ್ತಿಲ ಕೆಳಗೆ ನೀರು ತಡೆಯುವ ಪದರ, ಹೊರಕ್ಕೆ ಇಳಿಜಾರು. ಗೋಡೆಯ ದಪ್ಪ ಅಳೆದ ಮೇಲೆಯೇ ಚೌಕಟ್ಟು ಮಾಡಿಸುತ್ತೇವೆ ಅಂತ ನಿಮ್ಮ ಕೊಟೇಶನ್ನೇ ಹೇಳುತ್ತದೆ.

ಬಂದದ್ದು ಮಾಮೂಲಿ 5 ಇಂಚಿನ ಚೌಕಟ್ಟು. ಅದನ್ನು ಹೊರಗೋಡೆಗೆ ಸಮ ಮಾಡಿ ಕೂರಿಸಿದ್ದಾರೆ. ಸಂದಿಗೆ ಬ್ಲಾಕ್ ಚೂರು, ಸಿಮೆಂಟ್ ತುಂಬಿದ್ದಾರೆ. ಶಾಖ ಒಳಗೆ ಬರಲು ಅದೇ ದಾರಿ. ಸಂಜೆ ಬಾಗಿಲ ಪಕ್ಕ ಕೈಯಿಟ್ಟರೆ ಬಿಸಿ, ಒಂದಡಿ ಆಚೆ ತಣ್ಣಗೆ. ಬಾಗಿಲು ತೆಗೆದರೆ ಒಳಗೋಡೆಯ ಅಂಚಿಗೆ ಬಡಿದು ನಿಲ್ಲುತ್ತದೆ, 90 ಡಿಗ್ರಿಯೂ ತೆರೆಯುವುದಿಲ್ಲ. ಫ್ರಿಜ್ ತರಲು ಬಾಗಿಲನ್ನೇ ಬಿಚ್ಚಬೇಕಾಯಿತು.

ಇದನ್ನೆಲ್ಲ ತೋರಿಸೋಣ ಅಂತ ನಿಮ್ಮ ಸೂಪರ್‌ವೈಸರನ್ನು ಕರೆಸಿದೆ. ಬಂದವರು ಮೊದಲು ಕೇಳಿದ್ದು, "ಸರ್ ಇಲ್ವಾ?" ದುಡ್ಡು ಕೊಟ್ಟವಳು ನಾನೇ ಅಂದೆ. "ಪರವಾಗಿಲ್ಲ, ಸರ್ ಬಂದ್ಮೇಲೆ ಮಾತಾಡೋಣ" ಅಂದರು. ಡ್ರಾಯಿಂಗ್ ಹರಡಿದೆ. ಅದರ ಮೇಲೆ ಟೀ ಲೋಟ ಇಟ್ಟರು. ಸರಿಯಾಗಿ ಬಾಗಿಲ ಡೀಟೇಲ್ ಮೇಲೆಯೇ. ಕಲೆ ಈಗಲೂ ಇದೆ, ಫೋಟೊ ಲಗತ್ತಿಸಿದ್ದೇನೆ. ಆಮೇಲೆ ಟೇಪ್ ಹಿಡಿದು ಕಾರ್ಪೆಂಟರ್ ಹುಡುಗನನ್ನು ಕರೆದು, "ನೋಡೋ, ಮೇಡಂ ಕೋಟೆ ಕಟ್ಟಿಸಿದ್ದಾರೆ" ಅಂದರು. ಹುಡುಗ ನಕ್ಕ. ಪೇಂಟರ್‌ಗಳೂ ನಕ್ಕರು. ಕಾಂಪೌಂಡಿನಾಚೆ ಪಕ್ಕದ ಮನೆಯವರು ನಿಂತೇ ಇದ್ದರು. "ಬೆಂಗಳೂರಿಗೆ ಥರ್ಮಾಕೋಲ್ ಯಾಕೆ ಮೇಡಂ? ಇದೇನು ಶಿಮ್ಲಾನಾ? ಸುಮ್ನೆ ಯೂಟ್ಯೂಬ್ ನೋಡೋದು ಕಮ್ಮಿ ಮಾಡಿ."

ಸಲಹೆಗೆ ಥ್ಯಾಂಕ್ಸ್. ಶಿಮ್ಲಾ ಅಲ್ಲ, ಸರಿ. ಆದರೆ ಪಡುವಣ ಬಿಸಿಲನ್ನು ಹೊರಗೇ ತಡೆಯುವುದೂ ಇನ್ಸುಲೇಷನ್ನಿನ ಕೆಲಸವೇ ಅಲ್ವಾ? ಮನೆಯೊಳಗೆ ಬರುವ ಶಾಖಕ್ಕೆ ಮಿತಿ ಹೇಳುವ ಇಕೊ ನಿವಾಸ್ ಸಂಹಿತೆಯನ್ನು ಕೇಂದ್ರ ಸರ್ಕಾರ 2018ರಲ್ಲೇ ತಂದಿದೆ. ನಿಮ್ಮ ಬ್ರೋಶರ್ ಮೇಲೆ 'ಗ್ರೀನ್ ಹೋಮ್ ತಜ್ಞರು' ಅಂತಿದೆ. ಹಸಿರು ಇಂಕಿನಲ್ಲಿ ಪ್ರಿಂಟ್ ಮಾಡಿಸಿದ್ದೀರಿ, ಅಷ್ಟರಮಟ್ಟಿಗೆ ನಿಜ.

ಸಿಲಿಕೋನ್ ಬಳಿದು ಹೋಗುವ ರಿಪೇರಿ ಬೇಡ. ಚೌಕಟ್ಟು ಕಿತ್ತು, ಸಂದಿಯ ಸಿಮೆಂಟ್ ತೆಗೆದು, ಡ್ರಾಯಿಂಗಿನಂತೆ ಕೂರಿಸಿಕೊಡಿ. ಈ ತಿಂಗಳೊಳಗೆ ಆಗದಿದ್ದರೆ ಬಾಕಿ ಬಿಲ್ಲಿನ ಒಂದು ರೂಪಾಯಿಯೂ ಬರುವುದಿಲ್ಲ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು, ಆಮೇಲೆ ಗ್ರಾಹಕರ ಆಯೋಗ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕವೂ ಇಲ್ಲ, ವಕೀಲರೂ ಬೇಕಿಲ್ಲ. ವಿಚಾರಣೆಗೆ ಸರ್ ಬರಲ್ಲ, ನಾನೇ ಬರುತ್ತೇನೆ. ನಿಮ್ಮ ಸೂಪರ್‌ವೈಸರ್‌ಗೆ ಹೇಳಿಬಿಡಿ.

ಇತಿ,
ನಿಮ್ಮ ಗ್ರಾಹಕಿ