ಕೇಳಿದ ಬೆಲೆ ಬೇಡ, ಮಾರಿದ ಬೆಲೆ ಅಚ್ಚು ಹಾಕಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ಆಸ್ತಿ ಪುಟವನ್ನು ನಾನು ಬಹಳ ವರ್ಷದಿಂದ ಓದುತ್ತಿದ್ದೇನೆ. ಮನೆ ಮಾರಾಟಕ್ಕಿದೆ, ಇಷ್ಟು ರೂಮು, ಇಷ್ಟು ಬೆಲೆ ಅಂತ ಸಾಲಾಗಿ ಬರುತ್ತದೆ. ಆದರೆ ಆ ಮನೆ ಕೊನೆಗೆ ಎಷ್ಟಕ್ಕೆ ಹೋಯಿತು? ಅದು ಮಾತ್ರ ಒಂದು ಸಲವೂ ಬಂದಿಲ್ಲ. ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ಎರಡು ವರ್ಷದ ಹಿಂದೆ ನಮ್ಮ ಮನೆ ಮಾರಬೇಕಾಗಿ ಬಂತು. ಎಷ್ಟು ಕೇಳಬೇಕು ಅಂತ ಗೊತ್ತಿರಲಿಲ್ಲ. ನಿಮ್ಮ ಪುಟದಲ್ಲಿ ನಮ್ಮಂಥದೇ ಮನೆಗಳ ಜಾಹೀರಾತು ಹುಡುಕಿ, ಬೆಲೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಸರಾಸರಿ ತೆಗೆದು, ನಮ್ಮದು ಇವಕ್ಕಿಂತ ಚೆನ್ನಾಗಿದೆ ಅಲ್ವಾ ಅಂತ ಮೇಲೆ ಇನ್ನಷ್ಟು ಸೇರಿಸಿದೆ. ಆಮೇಲೆ ಮೂವರು ಬ್ರೋಕರ್‌ಗಳನ್ನು ಕರೆಸಿದೆವು. ಇಬ್ಬರು ನನ್ನ ಲೆಕ್ಕಕ್ಕಿಂತ ಕಡಿಮೆ ಹೇಳಿದರು. ಮೂರನೆಯವರು ಜಾಸ್ತಿ ಹೇಳಿದರು. ಕೆಲಸ ಮೂರನೆಯವರಿಗೆ ಕೊಟ್ಟೆವು.

ಒಂಬತ್ತು ತಿಂಗಳು ಮನೆ ಹೋಗಲಿಲ್ಲ. ಮೂರು ಸಲ ಬೆಲೆ ಇಳಿಸಿದೆವು. ಇಷ್ಟು ದಿನ ಯಾರೂ ಕೊಳ್ಳದ ಮನೆ ಅಂದರೆ ಏನೋ ತೊಂದರೆ ಇರಲೇಬೇಕು ಅಂತ ಆಮೇಲೆ ಬಂದವರೆಲ್ಲ ಅನುಮಾನ ಇಟ್ಟುಕೊಂಡೇ ಒಳಗೆ ಬರುತ್ತಿದ್ದರು. ಕೊನೆಗೆ ಆ ಮೊದಲ ಇಬ್ಬರು ಹೇಳಿದ್ದಕ್ಕಿಂತಲೂ ಕಡಿಮೆಗೆ ಕೊಡಬೇಕಾಯಿತು.

ನಮ್ಮ ಬ್ರೋಕರ್ ಮೋಸ ಮಾಡಿದರು ಅಂತ ನಾನು ಹೇಳುವುದಿಲ್ಲ. ಕೆಲಸ ಸಿಗಲಿ ಅಂತ ಜಾಸ್ತಿ ಹೇಳುತ್ತಾರೆ, ಸಿಕ್ಕ ಮೇಲೆ ಬೇಗ ಮುಗಿಯಲಿ ಅಂತ ಇಳಿಸಿ ಅನ್ನುತ್ತಾರೆ. ಅವರ ಕಮಿಷನ್ ಲೆಕ್ಕವೇ ಹಾಗಿದೆ. ಅಮೆರಿಕದ ಸ್ಟೀವನ್ ಲೆವಿಟ್ ಮತ್ತು ಚಾಡ್ ಸೈವರ್ಸನ್ ಅನ್ನುವ ಅರ್ಥಶಾಸ್ತ್ರಜ್ಞರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನೇ ನೋಡಿದರು. ಏಜೆಂಟರು ತಮ್ಮ ಸ್ವಂತ ಮನೆ ಮಾರುವಾಗ ಸುಮಾರು ಹತ್ತು ದಿನ ಜಾಸ್ತಿ ಕಾಯುತ್ತಿದ್ದರಂತೆ. ಅಂಥದೇ ಬೇರೆಯವರ ಮನೆಗಿಂತ ಶೇ 3.7ರಷ್ಟು ಹೆಚ್ಚು ಬೆಲೆಯೂ ಸಿಗುತ್ತಿತ್ತಂತೆ. ಬೆಲೆ ಸ್ವಲ್ಪ ಹೆಚ್ಚಾದರೆ ಲಾಭ ಮನೆಯವರಿಗೆ, ಏಜೆಂಟರಿಗೆ ಸಿಗುವುದು ಅದರಲ್ಲಿ ಚೂರು. ಅಷ್ಟಕ್ಕಾಗಿ ಅವರೇಕೆ ಕಾಯುತ್ತಾರೆ?

ನನಗೆ ನಿಜವಾಗಿ ಬೇಜಾರಾಗಿದ್ದು ನನ್ನದೇ ತಪ್ಪಿನ ಬಗ್ಗೆ. ಜಾಹೀರಾತುಗಳಲ್ಲಿ ಮೊದಲು ಕಂಡ ದೊಡ್ಡ ಅಂಕಿ ತಲೆಯಲ್ಲಿ ಕೂತುಬಿಟ್ಟಿತು. ಆಮೇಲೆ ಯಾರು ಏನು ಹೇಳಿದರೂ ಕಡಿಮೆ ಅನಿಸುತ್ತಿತ್ತು. 1987ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಅಮೆರಿಕದ ಟೂಸಾನ್ ನಗರದಲ್ಲಿ ಒಂದೇ ಮನೆಯನ್ನು ಹಲವು ಏಜೆಂಟರಿಗೆ ತೋರಿಸಿ, ಮನೆಯವರು ಕೇಳುತ್ತಿರುವ ಬೆಲೆ ಇದು ಅಂತ ಬೇರೆ ಬೇರೆಯವರಿಗೆ ಬೇರೆ ಬೇರೆ ಅಂಕಿ ಕೊಟ್ಟು, ಇದರ ನಿಜವಾದ ಬೆಲೆ ಎಷ್ಟಿರಬಹುದು ಅಂತ ಕೇಳಿದ್ದರು. ಹೆಚ್ಚಿನ ಅಂಕಿ ನೋಡಿದವರು ಹೆಚ್ಚು ಹೇಳಿದರು, ಕಡಿಮೆ ನೋಡಿದವರು ಕಡಿಮೆ ಹೇಳಿದರು. ದಿನಾ ಅದೇ ಕೆಲಸ ಮಾಡುವವರೇ ಹೀಗಾದರೆ, ಜೀವನದಲ್ಲಿ ಒಂದು ಸಲ ಮನೆ ಮಾರುವವರ ಗತಿ ಏನು?

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಮನೆಯೂ ಹಾಗೇ. ನಾವು ಬಹಳ ಖರ್ಚು ಮಾಡಿ ಗೋಡೆಯುದ್ದಕ್ಕೂ ಮರದ ಕಪಾಟು ಮಾಡಿಸಿದ್ದೆವು. ಆ ಖರ್ಚು ಪೂರ್ತಿ ಬೆಲೆಗೆ ಸೇರುತ್ತದೆ ಅಂತ ನಾನು ಲೆಕ್ಕ ಹಾಕಿದ್ದೆ. ಮನೆ ನೋಡಲು ಬಂದ ಒಬ್ಬ ಹೆಂಗಸು ಕಪಾಟಿನ ಬಾಗಿಲು ತೆಗೆದು, ಒಳಗೆ ಕೈಹಾಕಿ ಹಿಂದಿನ ಗೋಡೆ ಮುಟ್ಟಿ ನೋಡಿದರು. ಬೆರಳಿಗೆ ತೇವ ಹತ್ತಿತು. ಏನೂ ಹೇಳಲಿಲ್ಲ, ಸೆರಗಿಗೆ ಕೈ ಒರೆಸಿಕೊಂಡರು. ಇದನ್ನು ಕಿತ್ತು ತೆಗೆಯಲು ಆಗುತ್ತಾ ಅಂತ ಮಾತ್ರ ಕೇಳಿದರು. ಅಷ್ಟು ವರ್ಷ ಅದೇ ಮನೆಯಲ್ಲಿದ್ದು ನಾನು ಆ ಗೋಡೆ ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ.

ಆಮೇಲೆ ನಾನು ಕಲಿತದ್ದನ್ನು ಮನೆ ಮಾರಲು ಹೊರಟವರಿಗೆ ಹೇಳಬೇಕು ಅನಿಸುತ್ತದೆ. ಜಾಹೀರಾತಿನ ಬೆಲೆ ಆಸೆಯ ಬೆಲೆ. ಅದನ್ನು ಪಕ್ಕಕ್ಕಿಡಿ. ಅಕ್ಕಪಕ್ಕದಲ್ಲಿ ಕಳೆದ ಆರು ತಿಂಗಳಲ್ಲಿ ನಿಜವಾಗಿ ಮಾರಾಟವಾದ, ನಿಮ್ಮದನ್ನು ಹೋಲುವ ಮೂರು ನಾಲ್ಕು ಮನೆ ಹುಡುಕಿ. ಆ ಮನೆಯಲ್ಲಿ ನಿಮ್ಮಲ್ಲಿ ಇಲ್ಲದ ಒಂದು ಬಚ್ಚಲು ಜಾಸ್ತಿ ಇದ್ದರೆ, ಅದರ ಬೆಲೆಯಿಂದ ಅಷ್ಟು ಕಳೆಯಿರಿ. ನಿಮ್ಮಲ್ಲಿ ಕಾರು ನಿಲ್ಲಿಸಲು ಜಾಗ ಇದ್ದು ಅಲ್ಲಿ ಇಲ್ಲದಿದ್ದರೆ, ಅದರ ಬೆಲೆಗೆ ಕೂಡಿಸಿ. ಹೀಗೆ ಕೂಡಿ ಕಳೆದ ಮೇಲೆ ಎಲ್ಲ ಅಂಕಿಗಳೂ ಹತ್ತಿರ ಹತ್ತಿರ ಬಂದರೆ ನಿಮ್ಮ ಮನೆಯ ಬೆಲೆ ಅಲ್ಲೇ ಎಲ್ಲೋ ಇದೆ ಅಂತ ಅರ್ಥ. ದೂರ ದೂರ ಇದ್ದರೆ ಆರಿಸಿದ ಮನೆಗಳಲ್ಲಿ ಯಾವುದೋ ಒಂದು ನಿಮ್ಮದರ ಥರ ಇಲ್ಲ.

ಜಾಗ ಮತ್ತು ಕಟ್ಟಡವನ್ನು ಬೇರೆ ಬೇರೆ ನೋಡುವುದೂ ಮುಖ್ಯ. ಸಾಮಾನ್ಯವಾಗಿ ಬೆಲೆ ಏರುವುದು ಜಾಗದ್ದು. ಕಟ್ಟಡ ವರ್ಷ ವರ್ಷ ಹಳೆಯದಾಗುತ್ತಾ ಇಳಿಯುತ್ತದೆ. ಇಂದು ಅದೇ ಮನೆ ಕಟ್ಟಲು ಎಷ್ಟಾಗುತ್ತದೆ ಅಂತ ಲೆಕ್ಕ ಹಾಕಿ ಹೊಸ ಮನೆಯ ಬೆಲೆಯನ್ನೇ ಕೇಳುವವರು ಸವೆದದ್ದನ್ನು ಕಳೆಯಲು ಮರೆಯುತ್ತಾರೆ. ಹಾಗೇ ಟೇಪ್ ಹಿಡಿದು ಒಂದೊಂದು ರೂಮನ್ನೂ ನೀವೇ ಅಳೆಯಿರಿ. ಕಾಗದದಲ್ಲಿರುವ ಚದರ ಅಡಿಯಲ್ಲಿ ಗೋಡೆ, ಮೆಟ್ಟಿಲು ಎಲ್ಲ ಸೇರಿರಬಹುದು. ಎರಡು ಮನೆ ಹೋಲಿಸುವಾಗ ಎರಡರ ಅಳತೆಯೂ ಒಂದೇ ಥರದ್ದಾಗಿರಬೇಕು.

ಆನ್‌ಲೈನ್‌ನಲ್ಲಿ ಒಂದು ಕ್ಷಣಕ್ಕೆ ಬೆಲೆ ಹೇಳುವ ಲೆಕ್ಕವನ್ನು ಸುಮ್ನೆ ಅಂದಾಜಿಗೆ ನೋಡಿ, ಅಷ್ಟೇ. ಅಮೆರಿಕದ ಝಿಲೋ ಕಂಪನಿ 2006ರಿಂದ ಇಂಥ ಅಂದಾಜು ಕೊಡುತ್ತಿದೆ. ಆಮೇಲೆ ತಾನೇ ಮನೆ ಕೊಂಡು ಮಾರಲು ಇಳಿದು, ಮನೆ ಬೆಲೆಯ ಏರಿಳಿತ ಊಹಿಸಲು ಆಗುತ್ತಿಲ್ಲ ಅಂತ 2021ರ ನವೆಂಬರ್‌ನಲ್ಲಿ ಆ ವ್ಯವಹಾರ ಮುಚ್ಚುವುದಾಗಿ ಹೇಳಿತು. ಕಪಾಟಿನ ಹಿಂದಿನ ತೇವ ಕಂಪ್ಯೂಟರಿಗೆ ಕಾಣುವುದಿಲ್ಲ. ದುಡ್ಡು ಕೊಟ್ಟು ಒಬ್ಬ ವ್ಯಾಲ್ಯುಯರ್, ಅಂದರೆ ಮನೆ ನೋಡಿ ಬೆಲೆ ಕಟ್ಟುವವರನ್ನು, ಕರೆಸುವುದು ವಾಸಿ. ಮನೆ ಎಷ್ಟಕ್ಕೆ ಹೋದರೂ ಸಾಮಾನ್ಯವಾಗಿ ಅವರಿಗೆ ಸಿಗುವ ಫೀಸು ಒಂದೇ, ಹಾಗಾಗಿ ಏರಿಸಿ ಹೇಳುವ ಆಸೆ ಅವರಿಗೆ ಕಡಿಮೆ.

ಆದರೆ ಇದೆಲ್ಲ ಮಾಡಲು ಮಾರಿದ ಬೆಲೆ ಗೊತ್ತಿರಬೇಕಲ್ಲ. ಅಲ್ಲೇ ನಮ್ಮಂಥವರು ಸಿಕ್ಕಿಹಾಕಿಕೊಳ್ಳುವುದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮನೆಗಳು ಎಷ್ಟಕ್ಕೆ ಮಾರಾಟವಾದವು ಅನ್ನುವುದನ್ನು ಅಲ್ಲಿನ ಲ್ಯಾಂಡ್ ರಿಜಿಸ್ಟ್ರಿ ಪ್ರಕಟಿಸುತ್ತದೆ. 1995ರಿಂದ ಈಚಿನ ಮಾರಾಟಗಳನ್ನು ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಬ್ರೋಕರ್‌ಗೆ ಗೊತ್ತಿರುವುದೇ ಮನೆಯವರಿಗೂ ಗೊತ್ತಿದ್ದರೆ ಮಾತುಕತೆಯೇ ಬೇರೆ ಥರ ನಡೆಯುತ್ತದೆ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಆಸ್ತಿ ಪುಟದಲ್ಲಿ ಅರ್ಧ ಕಾಲಂ ಜಾಗ ಕೊಡಿ. ಮನೆ ಮಾರಿದ ಓದುಗರು ಹೆಸರು, ವಿಳಾಸ ಇಲ್ಲದೆ ನಾಲ್ಕು ವಿಷಯ ಕಳಿಸಲಿ: ಮನೆಯ ಅಳತೆ, ವಯಸ್ಸು, ಮೊದಲು ಕೇಳಿದ ಬೆಲೆ, ಕೈಗೆ ಬಂದ ಬೆಲೆ. ಎಷ್ಟು ದಿನ ಹಿಡಿಯಿತು ಅಂತಲೂ ಬರೆದರೆ ಇನ್ನೂ ಒಳ್ಳೆಯದು. ಎಲ್ಲರೂ ನಿಜ ಬರೆಯುತ್ತಾರಾ ಅಂತ ನೀವು ಕೇಳಬಹುದು. ಕ್ರಯಪತ್ರದ ನಕಲು ತೋರಿಸಿದವರದನ್ನು ಮಾತ್ರ ಹಾಕಿ.

ನಮ್ಮ ಕ್ರಯಪತ್ರದ ನಕಲು, ಮೂರು ಸಲ ಬೆಲೆ ಇಳಿಸಿದ ಜಾಹೀರಾತುಗಳ ಕತ್ತರಿಕೆ ಎಲ್ಲವೂ ನನ್ನ ಹತ್ತಿರ ಇವೆ. ಕೇಳಿದರೆ ಮರುದಿನವೇ ಕಳಿಸುತ್ತೇನೆ. ಮೊದಲನೇ ಸಾಲು ನಮ್ಮ ಮನೆಯದೇ ಆಗಲಿ.

ಇಂತಿ,
ನಿಮ್ಮ ಓದುಗ